ತುಟಿ ನೋಡಬೇಡ

ಅಶ್ವಥ್‌ನ ಎಡಗಿವಿ ಸತ್ತಿತ್ತು, ಬಲಗಿವಿ ಅರೆಜೀವವಾಗಿತ್ತು. ಆದರೆ ಸೇನೆಯ ವೈದ್ಯಕೀಯ ಮಂಡಳಿಯ ಲೆಕ್ಕದಲ್ಲಿ ಅವನ ಕಿವುಡು ಶೇಕಡಾ ಹದಿನೈದು ಮಾತ್ರ. ಇಪ್ಪತ್ತು ಮುಟ್ಟದಿದ್ದರೆ ಅಂಗವೈಕಲ್ಯ ಪಿಂಚಣಿ ಇಲ್ಲ. ಸರ್ವೀಸನ್ನೆಲ್ಲ ಫಿರಂಗಿಗಳ ಪಕ್ಕದಲ್ಲೇ ಮುಗಿಸಿದವನಿಗೆ ಐದು ಕಮ್ಮಿ ಬಿದ್ದಿತ್ತು.

ಕಮ್ಮಿ ಬಿದ್ದದ್ದು ಅವನದೇ ತಪ್ಪಿನಿಂದ. ಅವನ ತಾಯಿ ಕೆಂಚಮ್ಮ ರಾಮನಗರದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡೊಂದರಲ್ಲಿ ಕೂಲಿ ಮಾಡುತ್ತಿದ್ದಳು. ಅಲ್ಲಿ ಮಿಷನ್ನು ಶುರುವಾಯಿತೆಂದರೆ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಯಾರೂ ಕೂಗುವುದಿಲ್ಲ. ಬರೀ ತುಟಿ ಆಡಿಸಿ ಮಾತಾಡುತ್ತಾರೆ. ಜಗಳ, ಚಾಡಿ, ಮದುವೆ ಮಾತುಕತೆ ಎಲ್ಲ ಅದರಲ್ಲೇ. ಅಶ್ವಥ್ ಅಕ್ಷರ ಓದುವುದಕ್ಕೆ ಮುಂಚೆ ತುಟಿ ಓದಲು ಕಲಿತಿದ್ದ. ನಿವೃತ್ತಿಯ ಹೊತ್ತಿನಲ್ಲಿ ನಡೆದ ತಪಾಸಣೆಯಲ್ಲಿ ಡಾಕ್ಟರ್ ಮೇಜಿನಾಚೆ ಕೂತು ಊರು, ಮಳೆ, ಮಕ್ಕಳು ಎಂದು ವಿಚಾರಿಸಿದ. ಅಧಿಕಾರಿಯೊಬ್ಬ ಇಷ್ಟು ಪ್ರೀತಿಯಿಂದ ಮಾತಾಡಿಸಿದನಲ್ಲ ಎಂಬ ಖುಷಿಗೆ ಅಶ್ವಥ್ ಅವನ ತುಟಿಯನ್ನೇ ನೋಡುತ್ತ ಒಂದನ್ನೂ ಬಿಡದೆ ಉತ್ತರ ಕೊಟ್ಟ. ‘ಮಾತುಕತೆಗೆ ತೊಂದರೆಯಿಲ್ಲ’ ಎಂದು ಡಾಕ್ಟರ್ ಬರೆದ.

ಊರಿಗೆ ಬಂದಮೇಲೆ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಹಿಂದಕ್ಕೆ ಬರುತ್ತಿದ್ದ ಲಾರಿಯ ಹಾರ್ನ್ ಅವನಿಗೆ ಕೇಳಿಸಲಿಲ್ಲ. ಯಾರೋ ಎಳೆದುಕೊಂಡರು, ಉಳಿದ. ಕೆಲಸ ಉಳಿಯಲಿಲ್ಲ. ಈಗ ಹೆಂಡತಿ ರಾಧಾಮಣಿಯ ಜೊತೆ ಮತೀನ್ ಸಾಬರ ಹುರಿ ಶೆಡ್ಡಿಗೆ ಹೋಗುತ್ತಿದ್ದ. ಆ ಸದ್ದಿನಲ್ಲಿ ಮಾತ್ರ ಅವನು ಯಾರಿಗೂ ಕಮ್ಮಿಯಿರಲಿಲ್ಲ.

ಮರುಪರಿಶೀಲನೆಗೆ ಹಾಕಿದ್ದ ಅರ್ಜಿಗೆ ಕೊನೆಗೂ ಕರೆ ಬಂತು. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಹಾಜರಾಗಬೇಕು. ಶೇಕಡಾವಾರು ಏರಲೂಬಹುದು, ಇಳಿಯಲೂಬಹುದು. ಇದಾದಮೇಲೆ ಕೇಳುವುದಿದ್ದರೆ ಕೋರ್ಟಿನಲ್ಲೇ.

ಸಲಹೆಗೆಂದು ಗಂಡ ಹೆಂಡತಿ ಚನ್ನಪಟ್ಟಣದ ನಿವೃತ್ತ ಸುಬೇದಾರ್ ಅಂಕಯ್ಯನ ಮನೆಗೆ ಹೋದರು. ಇಂಥ ಮೆಡಿಕಲ್ ಬೋರ್ಡುಗಳ ವಿಷಯದಲ್ಲಿ ಅಂಕಯ್ಯ ತನ್ನನ್ನು ತಾನೇ ವಕೀಲನೆಂದು ತಿಳಿದುಕೊಂಡಿದ್ದ.

"ಲೇ, ನೀನು ಕಿವುಡ ಕಣ್ಲಾ. ಕಿವುಡನಂಗಿರಾಕೆ ನಿಂಗೇನ್ಲಾ ರೋಗ?"

"ಇರಾದೇ ಕಿವುಡ ಅಲ್ವಾಣ್ಣ. ಹೊಸದಾಗಿ ಏನಿರಾದು?"

"ನೋಡು, ಈಗ್ಲೂ ಟಕ್ ಅಂತ ಉತ್ತರ ಕೊಟ್ಟೆ! ಬಾಯ್ ನೋಡ್ಬೇಡ, ಗ್ವಾಡೆ ನೋಡು. ಏನ್ ಕೇಳುದ್ರೂ ‘ಆಂ?’ ಅನ್ನು. ಎಲ್ಡು ಸಲ ಅನ್ನು."

ಅಶ್ವಥ್ ಗೋಡೆ ನೋಡಿದ. ನಲ್ಲಿ ತಿರುಗಿಸಿದ ಹಾಗೆ ಅಂಕಯ್ಯನ ಮಾತು ನಿಂತುಹೋಯಿತು. ಅವನು ಏನೇನು ಹೇಳುತ್ತಿದ್ದಾನೋ, ಬೈಯುತ್ತಿದ್ದಾನೋ ಎಂದು ಗೊತ್ತಾಗಲಿಲ್ಲ. ತಡೆಯಲಾರದೆ ತಿರುಗಿದ.

"ಥೂ, ನೋಡ್ಬುಟ್ಟ!" ಅಂಕಯ್ಯ ಹಣೆ ಚಚ್ಚಿಕೊಂಡ.

ರಾಧಾಮಣಿ ನಕ್ಕಳು. "ಮದ್ವೆ ಆದಾಗ್ಲೂ ನನ್ ಮಕ ಹಿಂಗೆ ನೋಡಿರ್ನಿಲ್ಲ ಕಣಣ್ಣ. ನಿಮ್ ಬಾಯ್ನ ಎಷ್ಟ್ ಆಸೆಯಿಂದ ನೋಡ್ತಾವ್ರೆ ನೋಡಿ."

ಆಸ್ಪತ್ರೆಯಲ್ಲಿ ಕಿವಿ ನೋಡುವವರು ಒಬ್ಬ ಮಹಿಳಾ ಮೇಜರ್. ಕನ್ನಡದವರೇ. ಮೊದಲು ಅಶ್ವಥ್‌ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಸಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ಬಲಗಿವಿಯಲ್ಲಿ ಸಣ್ಣಗೆ ಏನೋ ಬಂತು. ಅದು ಯಂತ್ರದ್ದೋ, ಹಗಲಿರುಳು ತನ್ನ ಕಿವಿಯೊಳಗೇ ಗುಂಯ್‌ಗುಡುವ ಸದ್ದೋ? ಒತ್ತಿದರೆ ಪಿಂಚಣಿ ಹೋದೀತು. ಒತ್ತದಿದ್ದರೆ ಸುಳ್ಳಾದೀತು. ಕೆಲವು ಸಲ ತಡವಾಗಿ ಒತ್ತಿದ, ಕೆಲವು ಸಲ ಒತ್ತಲೇ ಇಲ್ಲ. ಎರಡನೇ ಸಲ ಮಾಡಿಸಿದರು. ಮೊದಲಿನದಕ್ಕೂ ಎರಡನೆಯದಕ್ಕೂ ತಾಳೆಯಾಗಲಿಲ್ಲ.

ಮೇಜರ್ ಎದುರಿಗೆ ಕೂರಿಸಿಕೊಂಡು ಏನೋ ಕೇಳಿದರು. ಅಶ್ವಥ್ ಗೋಡೆ ನೋಡಿ "ಆಂ?" ಎಂದ. ಮತ್ತೆ ಕೇಳಿರಬೇಕು. ಮತ್ತೆ "ಆಂ?" ಎಂದ. ಗೋಡೆಯ ಮೇಲೆ ಹಲ್ಲಿಯೂ ಇರಲಿಲ್ಲ. ಎಷ್ಟು ಹೊತ್ತು ನೋಡಿಯಾನು? ಕಣ್ಣು ಒಂದು ಕ್ಷಣ ಅವರ ತುಟಿಯ ಮೇಲೆ ಬಿತ್ತು.

"ತಿಂಡಿ ಆಯ್ತಾ?"

"ಆಯ್ತು ಮೇಡಂ, ಬಸ್‌ಸ್ಟ್ಯಾಂಡಲ್ಲಿ ಇಡ್ಲಿ ತಿಂದೊ."

ಬಾಯಿಂದ ಬಿದ್ದಮೇಲೆ ಗೊತ್ತಾಯಿತು.

"ಇಷ್ಟೊತ್ತು ಏನೂ ಕೇಳಿಸದ ಕಿವಿಗೆ ತಿಂಡಿ ಮಾತ್ರ ಕೇಳಿಸ್ತು," ಎಂದರು ಮೇಜರ್. "ದಿನಾ ಇಂಥ ನಾಟಕ ನೋಡ್ತೀನಿ ನಾನು. ನಟನೆ ಅಂತ ಬರೆದ್ರೆ ಇರೋ ಹದಿನೈದೂ ಉಳಿಯಲ್ಲ, ಗೊತ್ತಾ?"

ಅಶ್ವಥ್ ಎದ್ದು ಅಟೆನ್ಷನ್‌ನಲ್ಲಿ ನಿಂತ.

ಬಾಗಿಲ ಬಳಿಯಿದ್ದ ರಾಧಾಮಣಿ ಮುಂದೆ ಬಂದಳು. "ನಾಟ್ಕ ಅಲ್ಲ ಮೇಡಂ. ಇವ್ರು ಬಾಯ್ ನೋಡೇ ಮಾತ್ ತಿಳ್ಕತಾರೆ. ನಮ್ ಶೆಡ್ನಲ್ಲಿ ಎಲ್ರೂ ಹಂಗೇಯ. ಒಸಿ ತಾಳಿ, ತೋರುಸ್ತೀನಿ." ಗಂಡನ ಕಡೆ ತಿರುಗಿ ದನಿಯಿಲ್ಲದೆ ತುಟಿ ಆಡಿಸಿದಳು.

"ಮತೀನ್ ಸಾಬ್ರಿಗೆ ನಾಳಿಕೂ ಬರಾಕಿಲ್ಲ ಅಂತ ಹೇಳ್ಬೇಕಂತೆ," ಎಂದ ಅಶ್ವಥ್.

ಮೂಲೆಯಲ್ಲಿದ್ದ ಆಸ್ಪತ್ರೆಯ ಆಳು ಬಾಯಿ ಬಿಟ್ಟುಕೊಂಡು ನೋಡಿದ. ಮೇಜರ್ ಮುಖ ಬದಲಾಗಲಿಲ್ಲ. "ಇದ್ರಿಂದ ಇವರು ಜಾಣರು ಅಂತ ಗೊತ್ತಾಯ್ತು. ಕಿವುಡರು ಅಂತ ಗೊತ್ತಾಗಲಿಲ್ಲ." ಪೆನ್ನನ್ನು ಮೇಜಿನ ಮೇಲಿಟ್ಟರು. "ತಲೆಗೆ ವೈರ್ ಅಂಟಿಸಿ ಮಾಡೋ ಪರೀಕ್ಷೆ ಒಂದಿದೆ. ಅಲ್ಲಿ ಗುಂಡಿ ಒತ್ತೋದೂ ಇಲ್ಲ, ಉತ್ತರ ಹೇಳೋದೂ ಇಲ್ಲ. ಕಣ್ಣು ಮುಚ್ಚಿ ಮಲಗಿ. ಕಿವಿಯಿಂದ ಮಿದುಳಿಗೆ ಏನು ಹೋಗುತ್ತೆ ಅಂತ ಯಂತ್ರ ಹೇಳುತ್ತೆ."

ಏನೂ ಮಾಡದೆ ಮಲಗುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕಣ್ಣು ಮುಚ್ಚಿದರೆ ಅವನಿಗೆ ಉಳಿಯುವುದು ಆ ಗುಂಯ್‌ಗುಡುವ ಸದ್ದೊಂದೇ. ಕತ್ತಲೆಯಲ್ಲಿ ಇಲ್ಲದ ಯೋಚನೆಗಳು ಬಂದವು. ತನಗೆ ತಿಳಿಯದೆಯೇ ಮಿದುಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರೆ? ಲಾರಿಯ ಹಾರ್ನ್ ಕೇಳಿಯೂ ತಾನೇ ಮೈಮರೆತು ನಿಂತಿದ್ದರೆ? ಕೇಳಿಸದಿರಲಿ, ಕೇಳಿಸದಿರಲಿ ಎಂದು ಮನೆದೇವರನ್ನು ಬೇಡಿಕೊಂಡ. ಯಾವ ದೇವರ ಮುಂದೆಯೂ ಯಾರೂ ಹೀಗೆ ಬೇಡಿಕೊಂಡಿರಲಾರರು ಎನ್ನಿಸಿ ನಾಚಿಕೆಯಾಯಿತು. ಆದರೂ ಬೇಡಿಕೊಂಡ.

ಮಧ್ಯಾಹ್ನದ ಮೇಲೆ ಕರೆದರು. ಈ ಸಲ ಮೇಜರ್ ತಮ್ಮ ಮುಖ ಸರಿಯಾಗಿ ಕಾಣುವಂತೆ ಕೂತು ನಿಧಾನವಾಗಿ ಹೇಳಿದರು. "ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀಲಿ ಉಳಿದಿರೋದು ಅರ್ಧಕ್ಕಿಂತ ಕಮ್ಮಿ. ಇಪ್ಪತ್ತು ದಾಟುತ್ತೆ, ಅನುಮಾನ ಬೇಡ. ಬೋರ್ಡಿಗೆ ಹಾಗೇ ಬರೀತೀನಿ."

 ಥ್ಯಾಂಕ್ಸ್ ಹೇಳಬೇಕೋ ಬೇಡವೋ ಗೊತ್ತಾಗದೆ ಅಶ್ವಥ್ ಸೆಲ್ಯೂಟ್ ಹೊಡೆದ.

"ಶೆಡ್ಡಿನ ಕೆಲಸ ಬಿಡಿ. ಆ ಸದ್ದು ಉಳಿದಿದ್ದನ್ನೂ ತಿನ್ನುತ್ತೆ." ಹಾಗೆಂದು ಮೇಜರ್ ಎದ್ದು, ಬೆನ್ನು ಮಾಡಿ ಬೀರುವಿನಲ್ಲಿ ಏನೋ ಹುಡುಕತೊಡಗಿದರು.

ಆಳು ರಾಧಾಮಣಿಯನ್ನೇ ವಿಚಿತ್ರವಾಗಿ ನೋಡುತ್ತಿದ್ದ. ಯಾಕೆಂದು ಅಶ್ವಥ್‌ಗೆ ತಿಳಿಯಲಿಲ್ಲ. ಆಮೇಲೆ ಆಳು ಹತ್ತಿರ ಬಂದು ಅವಳ ತೋಳು ಮುಟ್ಟಿದ. "ಅಮ್ಮಾ, ಮೇಡಂ ನಿಮ್ಮನ್ನೇ ಕೇಳ್ತಿರೋದು. ಎರಡು ಸಲ ಕೇಳಿದ್ರು."

"ಯಾವಾಗ?" ಎಂದಳು ರಾಧಾಮಣಿ.

ಮೇಜರ್ ನಿಧಾನಕ್ಕೆ ತಿರುಗಿದರು. "ನೀವೂ ಅದೇ ಶೆಡ್ಡಲ್ಲಿ ಇರೋದಾ? ಎಷ್ಟು ವರ್ಷದಿಂದ?"

"ಮೈನೆರ್ಯಕ್ಕೂ ಮುಂಚಿಂದ್ಲೂ ಮೇಡಂ."

"ಕಿವಿ ಯಾರಿಗಾದ್ರೂ ತೋರಿಸಿದ್ದೀರಾ?"

"ಅಯ್, ನಂಗೇನಾಗದೆ? ಮನೇಲಿ ಫೋನ್ ಎತ್ತೋಳೇ ನಾನು!"

ಎತ್ತಿದ ಕೂಡಲೇ ಅವಳು ಸ್ಪೀಕರ್ ಹಾಕುತ್ತಾಳೆ. ಟಿವಿಯ ಸದ್ದನ್ನು ಬೀದಿಗೆ ಕೇಳುವಷ್ಟು ಏರಿಸುತ್ತಾಳೆ. ಅದೆಲ್ಲ ತನಗೋಸ್ಕರ ಎಂದೇ ಅಶ್ವಥ್ ಇಷ್ಟು ದಿನ ತಿಳಿದಿದ್ದ.

"ಮೇಡಂ, ಇವ್ಳಿಗೂ ಒಂದು ಅರ್ಜಿ ಹಾಕ್ಬೋದಾ?"

"ಎಲ್ಲಿಗೆ?" ಎಂದರು ಮೇಜರ್.



ಅವರು ಕುರ್ಚಿ ಎಳೆದುಕೊಂಡು ಕೂತರು. "ಬಾಯಿಗೆ ಕೈ ಅಡ್ಡ ಇಟ್ಕೊಂಡು ಅವರಿಗೆ ಏನಾದ್ರೂ ಹೇಳಿ. ಮಾಮೂಲಿ ದನಿಯಲ್ಲಿ."

ಅಶ್ವಥ್ ಅಂಗೈಯಿಂದ ಬಾಯಿ ಮುಚ್ಚಿಕೊಂಡು "ರಾಧಾ, ನಡಿ, ಮನೆಗೆ ಹೋಗಾನ," ಎಂದ. ದನಿ ಹೊರಟದ್ದು ಅಂಗೈಗೆ ತಾಗಿದ ಬಿಸಿಯಿಂದ ಅವನಿಗೆ ಗೊತ್ತಾಯಿತು. ರಾಧಾಮಣಿ ನಗುಮುಖ ಮಾಡಿಕೊಂಡು, ಅವನ ಕೈ ಯಾವಾಗ ಕೆಳಗಿಳಿಯುತ್ತದೋ ಎಂದು ನೋಡುತ್ತ ನಿಂತಿದ್ದಳು.