ಮೂವತ್ತೊಂದು ಕ್ರೇಟು

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿರೀಕ್ಷಾಳ ಬ್ಯಾಗನ್ನು ಹೋಟೆಲಿನ ರಿಸೆಪ್ಶನ್ ಕೌಂಟರಿನ ಮೇಲೆ ಬೋರಲು ಹಾಕಿ ಸುರಿಯಲಾಯಿತು. ಮಂಗಳೂರಿನ ಹಂಪನಕಟ್ಟೆಯ ಆ ಹೋಟೆಲಿನಲ್ಲಿ ಅವಳು ಎರಡು ವರ್ಷದಿಂದ ಕೆಲಸಕ್ಕಿದ್ದಳು. ಮೂರನೇ ಮಹಡಿಯಲ್ಲಿ ಉಳಿದುಕೊಂಡಿದ್ದ ಹೆಂಗಸೊಬ್ಬಳ ಚಿನ್ನದ ಬಳೆ ಕಾಣೆಯಾಗಿತ್ತು. ಆ ರೂಮಿನ ಕೀ ಕೊನೆಗೆ ನಿರೀಕ್ಷಾಳ ಕೈಯಲ್ಲಿತ್ತು. ಅಷ್ಟೇ ಸಾಕಾಯಿತು. ಮಾಲೀಕ ಚಿತ್ತರಂಜನ ತಾನೇ ಕೆಳಗಿಳಿದು ಬಂದು ಬ್ಯಾಗು ಖಾಲಿ ಮಾಡಿಸಿದ. ಬುತ್ತಿ ಡಬ್ಬಿ, ಬಾಚಣಿಗೆ, ಬಸ್ ಪಾಸು, ಪೇಪರಿನಲ್ಲಿ ಸುತ್ತಿದ್ದ ಪ್ಯಾಡುಗಳು. ಅವನ್ನೆಲ್ಲ ಕೈಯಿಂದ ಮುಟ್ಟದೆ ಪೆನ್ನಿನ ತುದಿಯಿಂದ ಆಚೀಚೆ ಸರಿಸಿ ನೋಡಿದ. ಊಟಕ್ಕೆ ಬಂದವರು, ಲಿಫ್ಟಿಗೆ ಕಾಯುತ್ತಿದ್ದವರು, ಕಸ ಗುಡಿಸುವವರು ಎಲ್ಲರೂ ನಿಂತು ನೋಡಿದರು. ಬಳೆ ಇರಲಿಲ್ಲ. "ಎಲ್ಲಿ ಇಟ್ಟಿದ್ದೀ, ಹೇಳು" ಎಂದ. ಅವಳು ಒಂದೊಂದೇ ವಸ್ತುವನ್ನು ತಿರುಗಿ ಬ್ಯಾಗಿಗೆ ತುಂಬಿಕೊಂಡು ಹೊರಗೆ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ.

ಮಾರನೇ ದಿನ ಬಳೆ ಆ ಹೆಂಗಸಿನ ಕಾರಿನ ಸೀಟಿನ ಅಡಿಯಲ್ಲೇ ಸಿಕ್ಕಿತು. ಆಕೆ ಹೋಟೆಲಿಗೆ ಫೋನ್ ಮಾಡಿ ಹೇಳಿದಳು. ಹೋಟೆಲಿನಿಂದ ನಿರೀಕ್ಷಾಳಿಗೆ ಯಾರೂ ಫೋನ್ ಮಾಡಲಿಲ್ಲ. ಕೌಂಟರಿನಲ್ಲಿ ಅವಳ ಜೊತೆಗಿದ್ದ ಆನ್ಸಿ ಗುಟ್ಟಾಗಿ ತಿಳಿಸಿದ್ದರಿಂದ ಗೊತ್ತಾಯಿತು.

ನಿರೀಕ್ಷಾಳ ತಂದೆ ನೋಣಯ್ಯನಿಗೆ ಜೆಪ್ಪುವಿನಲ್ಲಿ, ಮನೆಗೆ ತಾಗಿಕೊಂಡೇ, ಶೀಟು ಹಾಕಿದ ಗ್ಯಾರೇಜು. ಅವನು ಬಹ್ರೈನಿನಲ್ಲಿ ಇಪ್ಪತ್ತೆರಡು ವರ್ಷ, ಹಳೆಯ ಕಾರುಗಳ ಹುಚ್ಚು ಹಿಡಿದಿದ್ದ ಒಬ್ಬ ಅರಬಿಯ ಗ್ಯಾರೇಜಿನಲ್ಲಿ ದುಡಿದು ಬಂದವನು. ಊರಿನಲ್ಲಿ ಅವನ ಹೊಟ್ಟೆ ತುಂಬಿಸುತ್ತಿದ್ದದ್ದು ರಿಕ್ಷಾ, ಸ್ಕೂಟರುಗಳು. ಆದರೆ ತಿಂಗಳಿಗೊಮ್ಮೆ ಅಂಗಳಕ್ಕೆ ಒಂದು ಹಸಿರು ಕಾರು ಬರುತ್ತಿತ್ತು. ಇಂಗ್ಲೆಂಡಿನಲ್ಲಿ ತಯಾರಾದದ್ದು, ಎಪ್ಪತ್ತೊಂದರ ಮಾಡೆಲ್, ಎರಡೇ ಸೀಟು, ಮಡಚುವ ಬಟ್ಟೆಯ ಹುಡ್, ತಂತಿ ಕಡ್ಡಿಗಳ ಚಕ್ರ. ಅದರ ಎರಡು ಕಾರ್ಬುರೇಟರುಗಳು ಒಂದೇ ಸಮನೆ ಉಸಿರಾಡಬೇಕು, ಇಲ್ಲದಿದ್ದರೆ ಎಂಜಿನ್ ಕೆಮ್ಮುತ್ತದೆ. ನೋಣಯ್ಯ ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಇಟ್ಟು, ಅದರ ಸುಯ್ಯೆನ್ನುವ ಸದ್ದು ಕೇಳಿ ಸ್ಕ್ರೂ ತಿರುಗಿಸುತ್ತಿದ್ದ. ಉಪ್ಪು ಗಾಳಿಗೆ ಕಡ್ಡಿಗಳಿಗೆ ತುಕ್ಕು ಹತ್ತದಂತೆ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಮಳೆಗಾಲದಲ್ಲಿ ಹುಡ್ಡಿಗೆ ಬೂಸ್ಟು ಬಂದರೆ ಬ್ರಶ್ಶಿನಲ್ಲಿ ತಿಕ್ಕಿ ಬಿಸಿಲಿಗೆ ಒಡ್ಡುತ್ತಿದ್ದ. ಇಡೀ ಮಂಗಳೂರಿನಲ್ಲಿ ಆ ಕಾರಿನ ನಾಡಿ ಗೊತ್ತಿದ್ದವನು ಅವನೊಬ್ಬನೇ.

ಆ ಕಾರು ಚಿತ್ತರಂಜನನದು. ಆರು ವರ್ಷದಿಂದ ಬರುತ್ತಿದ್ದರೂ ಅವನು ಒಂದು ದಿನವಾದರೂ "ನೋಣಯ್ಯ, ನಿನಗೆ ಮಕ್ಕಳೆಷ್ಟು?" ಎಂದು ಕೇಳಿದವನಲ್ಲ. ಹೋಟೆಲಿನಲ್ಲಿ ಕೆಲಸ ಸಿಕ್ಕಿದಾಗ ನಿರೀಕ್ಷಾಳೇ ಹೇಳಿದ್ದಳು, "ಪಪ್ಪ, ಅವರ ಹತ್ರ ನನ್ನ ವಿಷಯ ಎತ್ತಬೇಡಿ. ನನಗೆ ಯಾರ ಶಿಫಾರಸೂ ಬೇಡ." ಹಾಗಾಗಿ ನೋಣಯ್ಯನೂ ಬಾಯಿ ಬಿಟ್ಟಿರಲಿಲ್ಲ.

ಬಳೆಯ ಘಟನೆಯಾಗಿ ಮೂರು ವಾರಕ್ಕೆ ಕಾರು ಬಂತು. ಹಿಂದಿನಿಂದ ನೀಲಿ ಹೊಗೆ.

"ಎಂತ ನೋಣಯ್ಯ ಇದು? ಏಪ್ರಿಲ್ ಕೊನೆಯ ಆದಿತ್ಯವಾರ ನಮ್ಮ ಕ್ಲಬ್ಬಿನ ಹಳೇ ಕಾರುಗಳೆಲ್ಲ ಮಲ್ಪೆಗೆ ಹೊರಡ್ತವೆ. ಮುಂದೆ ನಾನೇ ಇರಬೇಕು. ಹೀಗೆ ಹೊಗೆ ಬಿಟ್ಟುಕೊಂಡು ಹೋದ್ರೆ ಮರ್ಯಾದೆ ಉಂಟಾ ಮಾರಾಯ?"

ನೋಣಯ್ಯ ಕಾರಿನಡಿಗೆ ಮಲಗಿದ. ಮುಖದ ಮೇಲೆ ಒಂದು ಗೇಣು ಎತ್ತರದಲ್ಲಿ ಬ್ರೇಕಿನ ಪೈಪು. ಕೈಯಲ್ಲಿ ಸ್ಪ್ಯಾನರು. ಅರ್ಧ ಸುತ್ತು ತಿರುಗಿಸಿದರೆ ಸಾಕು, ಹದಿನೈದು ದಿನದಲ್ಲಿ ಯಾವುದಾದರೂ ಇಳಿಜಾರಿನಲ್ಲಿ ಉಳಿದ ಕೆಲಸ ತನ್ನಿಂದ ತಾನೇ ಆಗುತ್ತದೆ. ನಟ್ಟಿನ ಮೇಲೆ ಸ್ಪ್ಯಾನರು ಕೂರಿಸಿಯೂ ಆಯಿತು. ಆದರೆ ಇಳಿಜಾರಿನಲ್ಲಿ ಬೇರೆಯವರೂ ನಡೆಯುತ್ತಾರೆ. ಮೇಲಾಗಿ, ಸತ್ತುಹೋದರೆ ಅವನಿಗೆ ನಾಚಿಕೆಯಾಗುವುದು ಯಾವಾಗ? ನೋಣಯ್ಯನಿಗೆ ಬೇಕಾಗಿದ್ದದ್ದು ಅವನ ಪ್ರಾಣವಲ್ಲ. ಅವನು ಹತ್ತು ಜನರ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ಕಣ್ಣಾರೆ ನೋಡಬೇಕಾಗಿತ್ತು.

ನೋಣಯ್ಯ ಹೊರಗೆ ಬಂದು ಕೈ ಒರೆಸಿಕೊಂಡ. "ಎಂಜಿನ್ ಬಿಚ್ಚಬೇಕು ಸರ್. ಬಿಚ್ಚುವುದಾದರೆ ಎಲ್ಲವನ್ನೂ ಒಮ್ಮೆ ನೋಡಿಬಿಡುವ."

"ಪೂರ್ತಿ ಮಾಡು. ಹೊಸತರ ಹಾಗೆ ಆಗಬೇಕು."

ಎಂಜಿನ್ ಬಿಚ್ಚಬೇಕಾದದ್ದು ಸುಳ್ಳಾಗಿರಲಿಲ್ಲ. ಹತ್ತು ದಿನದ ಕೆಲಸ. ಆದರೆ ನೋಣಯ್ಯ ಎಂಜಿನ್ನಿಗೇ ನಿಲ್ಲಿಸಲಿಲ್ಲ. ಗೇರ್‌ಬಾಕ್ಸ್ ಇಳಿಸಿದ. ಬಾಗಿಲು, ಡ್ಯಾಶ್‌ಬೋರ್ಡ್, ಸೀಟು, ಹುಡ್ಡಿನ ಚೌಕಟ್ಟು, ಕೊನೆಗೆ ವಯರಿಂಗನ್ನೂ ಮೀನಿನ ಮುಳ್ಳು ಬಿಡಿಸಿದ ಹಾಗೆ ಎಳೆಎಳೆಯಾಗಿ ಹೊರಗೆ ತೆಗೆದ. ಬಂದರಿನ ಧಕ್ಕೆಯಿಂದ ಮೀನು ತುಂಬುವ ಹಳೆಯ ಪ್ಲಾಸ್ಟಿಕ್ ಕ್ರೇಟುಗಳನ್ನು ತರಿಸಿ, ಸೋಪು ಹಾಕಿ ತೊಳೆದು, ಭಾಗಗಳನ್ನು ಅದರಲ್ಲಿ ಜೋಡಿಸಿದ. ಮೂವತ್ತೊಂದು ಕ್ರೇಟು ತುಂಬಿತು. ಒಂದಕ್ಕೂ ಚೀಟಿ ಅಂಟಿಸಲಿಲ್ಲ. ಯಾವ ಬೋಲ್ಟು ಯಾವ ತೂತಿನದು, ಯಾವ ವಾಲ್ವು ಯಾವ ಸಿಲಿಂಡರಿನದು ಎನ್ನುವುದೆಲ್ಲ ಅವನ ತಲೆಯಲ್ಲಿತ್ತು. ಎಲ್ಲ ಮುಗಿದ ಮೇಲೆ ಕೈ ಕಟ್ಟಿ ಕುಳಿತ.

ಚಿತ್ತರಂಜನ ಮಾರ್ಚಿನಲ್ಲಿ ವಾರವಾರವೂ ಬಂದ. ಮೊದಲ ಸಲ ಪಿಸ್ಟನ್ ರಿಂಗು ಬರಬೇಕು ಎಂದ ನೋಣಯ್ಯ. ಎರಡನೇ ಸಲ ಗ್ಯಾಸ್ಕೆಟ್ಟು. ಎರಡೂ ಇಂಗ್ಲೆಂಡಿನಿಂದ ಬಂದವು. ಚಿತ್ತರಂಜನನೇ ಪೊಟ್ಟಣ ತಂದುಕೊಟ್ಟ. ಆಮೇಲೂ ನೋಣಯ್ಯ ಅವನ ಎದುರೇ ಒಂದು ಸ್ಕೂಟರಿನ ಪ್ಲಗ್ ಉಜ್ಜುತ್ತ ಕುಳಿತಿದ್ದ. ಕುಳಿತುಕೊಳ್ಳಿ ಎನ್ನಲಿಲ್ಲ. ಬಿಸಿಲಿನಲ್ಲಿ ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಳ್ಳುವುದನ್ನು ನೋಡುವುದೇ ಒಂದು ಸುಖವಾಗಿತ್ತು.

"ಅಲ್ಲ ನೋಣಯ್ಯ, ಎಲ್ಲ ಬಂತಲ್ಲ? ಇನ್ನು ಎಂತ ಬಾಕಿ?"

ನೋಣಯ್ಯ ಪ್ಲಗ್ ಕೆಳಗಿಟ್ಟ. "ನಿರೀಕ್ಷಾ ನನ್ನ ಮಗಳು ಸರ್."

"ಯಾವ ನಿರೀಕ್ಷಾ?"

ಅವನು ನಾಟಕ ಆಡುತ್ತಿರಲಿಲ್ಲ. ನಿಜವಾಗಿಯೂ ಅವನಿಗೆ ಹೆಸರು ನೆನಪಿರಲಿಲ್ಲ. ಅಲ್ಲಿಯವರೆಗೆ ನೋಣಯ್ಯನ ಸಿಟ್ಟಿಗೆ ಎಲ್ಲೋ ಒಂದು ಕೊನೆ ಇತ್ತು. ಆ ಎರಡು ಶಬ್ದ ಅದನ್ನೂ ಕಿತ್ತುಹಾಕಿದವು.

"ನಿಮ್ಮ ರಿಸೆಪ್ಶನ್‌ನಲ್ಲಿ ಇದ್ದವಳು. ಬಳೆ ಕದ್ದಳು ಅಂತ ನೀವು ಬ್ಯಾಗು ಸುರಿಸಿದ್ದು."

"ಓ, ಅದಾ?" ಚಿತ್ತರಂಜನ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. "ಬಳೆ ಸಿಕ್ಕಿತಲ್ಲ ಮಾರಾಯ. ಅದು ಮುಗಿದ ವಿಷಯ."

"ಸಿಕ್ಕಿದ್ದು ನಿಮಗೆ ಗೊತ್ತು. ನೋಡಿದವರಿಗೆ ಗೊತ್ತಿಲ್ಲ."

"ಅದಕ್ಕೂ ನನ್ನ ಕಾರಿಗೂ ಎಂತ ಸಂಬಂಧ? ನಾನು ಪೊಲೀಸಿಗೆ ಹೇಳ್ತೇನೆ ನೋಡು."

"ಹೇಳಿ ಸರ್. ಕಾರು ಕೊಡುದಿಲ್ಲ ಅಂತ ನಾನು ಹೇಳಲಿಲ್ಲ. ಲಾರಿ ತನ್ನಿ, ಕ್ರೇಟು ಏರಿಸುವುದಕ್ಕೆ ನಾನೂ ಕೈ ಹಾಕ್ತೇನೆ."

ಎರಡು ದಿನ ಬಿಟ್ಟು ಚಿತ್ತರಂಜನ ಶೆರ್ವಿನ್ ಎಂಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದ. ದೊಡ್ಡ ಗ್ಯಾರೇಜೊಂದರಲ್ಲಿ ಹೆಸರು ಮಾಡಿದ್ದ ಶೆರ್ವಿನ್ ಕ್ರೇಟುಗಳ ನಡುವೆ ಒಂದು ಸುತ್ತು ಹಾಕಿದ. ಎಂಜಿನ್ನಿನ ಪುಶ್‌ರಾಡ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಇದ್ದಲ್ಲೇ ಇಟ್ಟ.

"ಕೆಲಸ ಚೊಕ್ಕ ಉಂಟು ಸರ್. ಆದರೆ ಇದನ್ನು ಬಿಚ್ಚಿದವರೇ ಕೂಡಿಸಬೇಕು. ನನ್ನಿಂದ ಆಗುದಿಲ್ಲ" ಎಂದು ಹೇಳಿ, ಹೋಗುವಾಗ ನೋಣಯ್ಯನ ಕಡೆ ನೋಡಿ ಕಣ್ಣಲ್ಲೇ ನಕ್ಕ.

ಆ ಶನಿವಾರ ನಿರೀಕ್ಷಾ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಕಳಚದೆ ಗ್ಯಾರೇಜಿಗೆ ನುಗ್ಗಿದಳು. ಈಗ ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

"ಪಪ್ಪ, ನನ್ನ ಹೆಸರು ಹಿಡಿದು ನೀವು ಎಂತ ಮಾಡ್ತಾ ಇದ್ದೀರಿ?"

ಚಿತ್ತರಂಜನ ಸ್ವೀಟಿನ ಡಬ್ಬಿ ಹಿಡಿದು ಅಂಗಡಿಗೇ ಬಂದಿದ್ದ. "ಆ ಕಳ್ಳತನದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಿನ್ನ ಅಪ್ಪನಿಗೆ ಸ್ವಲ್ಪ ಹೇಳು" ಎಂದಿದ್ದ. ಅಂಗಡಿಯ ಯಜಮಾನಿ ಹಬೀಬಾ ಅಲ್ಲೇ ಇದ್ದರು. ಕಳ್ಳತನ ಎಂಬ ಶಬ್ದ ಅವರ ಕಿವಿಗೆ ಬಿದ್ದು, ನಿರೀಕ್ಷಾ ಮಧ್ಯಾಹ್ನವಿಡೀ ಕುಳಿತು ಕಥೆಯನ್ನೆಲ್ಲ ಮೊದಲಿನಿಂದ ಹೇಳಬೇಕಾಗಿ ಬಂದಿತ್ತು.

"ಅವರು ನಂಬಿದರು, ನನ್ನ ಪುಣ್ಯ. ನಂಬದೆ ಇದ್ದಿದ್ದರೆ? ನಾನು ಹೇಗೋ ಮರೀತಾ ಇದ್ದೆ ಪಪ್ಪ."

ಮಗಳಿಗೆ ಒಂದು ಮಾತು ಹೇಳಬೇಕೆಂದು ಎರಡು ತಿಂಗಳಲ್ಲಿ ನೋಣಯ್ಯನಿಗೆ ಹೊಳೆದೇ ಇರಲಿಲ್ಲ. ಅವಮಾನ ಅವಳದಾಗಿದ್ದರೂ ಸೇಡು ತನ್ನ ಸ್ವಂತದ್ದೆಂದು ಅವನು ತಿಳಿದಿದ್ದ. "ನಾಳೆಯಿಂದ ಕೂಡಿಸ್ತೇನೆ ಮಗಾ" ಎಂದ ಸಣ್ಣ ದನಿಯಲ್ಲಿ.

ನಿರೀಕ್ಷಾ ಮಗುಚಿದ ಖಾಲಿ ಬಕೆಟ್ಟಿನ ಮೇಲೆ ಕುಳಿತಳು. ಪಿಸ್ಟನ್ನುಗಳನ್ನು, ಬಿಚ್ಚಿಟ್ಟ ಮೀಟರುಗಳನ್ನು, ಗೋಡೆಗೆ ಒರಗಿಸಿದ್ದ ಹಸಿರು ಬಾಗಿಲುಗಳನ್ನು ಬಹಳ ಹೊತ್ತು ನೋಡಿದಳು. ಅವಳ ಮುಖ ನಿಧಾನವಾಗಿ ಬದಲಾಗುವುದು ನೋಣಯ್ಯನಿಗೆ ಕಾಣುತ್ತಿತ್ತು.

"ಬೇಡ" ಎಂದಳು. "ಶುರು ಮಾಡಿ ಆಯ್ತಲ್ಲ. ಇನ್ನು ಸರಿಯಾಗಿ ಮುಗಿಸುವ. ಅವರಿಗೆ ಫೋನ್ ಮಾಡಿ. ಮಾತಾಡುದು ನಾನು."

ಅವಳು ಕೇಳಿದ್ದು ಕ್ಷಮೆಯನ್ನಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದೇ ಕೌಂಟರಿನ ಮುಂದೆ, ಕೆಲಸದವರೆಲ್ಲ ಇರುವಾಗ, ಅವನು ತನ್ನ ಬ್ಯಾಗನ್ನು ತಾನೇ ಸುರಿಯಬೇಕು. ಆ ಕಡೆಯಿಂದ ಫೋನು ಕಟ್ಟಾಯಿತು. ಭಾನುವಾರ ಕಳೆಯಿತು. ಸೋಮವಾರ ಸಂಜೆ ಅವನೇ ಫೋನ್ ಮಾಡಿದ. ಕ್ಲಬ್ಬಿನವರು ಅವನ ಕಾರಿನ ಚಿತ್ರ ಹಾಕಿ ಆಮಂತ್ರಣ ಹಂಚಿಬಿಟ್ಟಿದ್ದರು.

"ನೋಣಯ್ಯಣ್ಣ" ಎಂದ. ಆರು ವರ್ಷದಲ್ಲಿ ಮೊದಲ ಸಲ ಆ ಅಣ್ಣ ಬಂದು ಸೇರಿತ್ತು. "ನಾಳೆ ಬನ್ನಿ."

ಮಂಗಳವಾರ ಆನ್ಸಿ ಅಡುಗೆಮನೆಯವರನ್ನೂ ಕರೆದು ನಿಲ್ಲಿಸಿದ್ದಳು. ಊಟದ ಕೂಪನ್ನಿಗೆ ಬಂದವರೂ ಏನೋ ನಡೆಯುತ್ತಿದೆಯೆಂದು ನಿಂತರು. ಚಿತ್ತರಂಜನ ತನ್ನ ಚರ್ಮದ ಬ್ಯಾಗು ಹಿಡಿದು ಲಿಫ್ಟಿನಿಂದ ಇಳಿದ. ಯಾರ ಮುಖವನ್ನೂ ನೋಡದೆ ಬ್ಯಾಗನ್ನು ಕೌಂಟರಿನ ಮೇಲೆ ಮಗುಚಿದ. ಚೆಕ್‌ಬುಕ್ಕು, ಬಿಪಿ ಮಾತ್ರೆ, ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪ್ಯಾಕೆಟ್ಟು, ಹಲ್ಲಿನ ಸೆಟ್ ಇಡುವ ಸಣ್ಣ ಡಬ್ಬಿ. ಡಬ್ಬಿ ಉರುಳಿ ನೆಲಕ್ಕೆ ಬಿತ್ತು. ಅಡುಗೆಯವನೊಬ್ಬ ಎತ್ತಿಕೊಡಲು ಬಗ್ಗಿದವನು ಅರ್ಧಕ್ಕೇ ಎದ್ದುನಿಂತ. ಚಿತ್ತರಂಜನನೇ ಬಗ್ಗಿ ಎತ್ತಿಕೊಂಡ. ಅವನ ಕಿವಿಗಳು ಕೆಂಪಾಗಿದ್ದವು.

"ಆ ದಿನ ಬಳೆ ಇವಳು ತೆಗೆದದ್ದಲ್ಲ" ಎಂದ. "ಅದು ಮಾರನೇ ದಿನವೇ ಸಿಕ್ಕಿತ್ತು. ನಾನು ಹೇಳಲಿಲ್ಲ."

ನಿರೀಕ್ಷಾ ಕೌಂಟರಿನ ಮೇಲಿದ್ದದ್ದನ್ನೆಲ್ಲ ಅವಸರವಿಲ್ಲದೆ ನೋಡಿದಳು. ಒಂದೊಂದಕ್ಕೂ ಬೇಕಾದಷ್ಟು ಹೊತ್ತು ಕೊಟ್ಟಳು.

"ಇದರಲ್ಲಿ ಬಳೆ ಇಲ್ಲ" ಎಂದಳು. "ನೀವು ಹೋಗಬಹುದು."

ತಂದೆ ಮಗಳು ಬಸ್ಸಿನಲ್ಲಿ ಮನೆಗೆ ಹೊರಟರು. ಇಳಿಯುವ ಹೊತ್ತಿಗೆ ಅವಳು, "ಹಸಿವಾಗ್ತಾ ಉಂಟು" ಎಂದಳು. ಮೂರು ತಿಂಗಳಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಮನೆಯಲ್ಲಿ ನೋಣಯ್ಯನ ಹೆಂಡತಿ ವಾರಿಜಾಕ್ಷಿ ಮಗಳಿಗೆ ಎರಡು ಸಲ ಅನ್ನ ಬಡಿಸಿದಳು.

ಹತ್ತೊಂಬತ್ತು ದಿನ ನೋಣಯ್ಯ ರಿಕ್ಷಾಗಳನ್ನೆಲ್ಲ ವಾಪಸು ಕಳಿಸಿ ಅದೊಂದೇ ಕೆಲಸ ಮಾಡಿದ. ಕೆಲಸದಲ್ಲಿ ಮೋಸ ಮಾಡಲಿಲ್ಲ. ಅಷ್ಟು ಚೆನ್ನಾಗಿ ಅವನು ಬಹ್ರೈನಿನಲ್ಲೂ ಒಂದು ಎಂಜಿನ್ ಕಟ್ಟಿರಲಿಲ್ಲ. ಕೀ ತಿರುಗಿಸಿದಾಗ ಕಾರು ಒಂದೇ ಗುಕ್ಕಿಗೆ ಎದ್ದಿತು. ಹುಡ್ ಮಡಚಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇತ್ರಾವತಿ ಸೇತುವೆಯವರೆಗೆ ಹೋಗಿ ಬಂದ. ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ಅವಳ ಕೂದಲು ಹಾರಿ ಅವನ ಮುಖಕ್ಕೆ ಬಡಿಯಿತು. ಅವಳು ನಗುತ್ತಿದ್ದಳು.

ಚಿತ್ತರಂಜನ ಬಂದು ಎಂಜಿನ್ನಿನ ಸದ್ದು ಕೇಳಿ, ಒಂದು ಕ್ಷಣ ಎಲ್ಲವನ್ನೂ ಮರೆತವನಂತೆ ಬಾನೆಟ್ಟಿನ ಮೇಲೆ ಕೈಯಿಟ್ಟ. "ಭಾರೀ ಆಗಿದೆ ನೋಣಯ್ಯಣ್ಣ. ಮುಂದಿನ ತಿಂಗಳು ಟ್ಯೂನಿಂಗಿಗೆ—"

"ತರಬೇಡಿ."

"ಎಂತ?"

"ಇನ್ನು ಈ ಕಾರು ನನ್ನ ಅಂಗಳಕ್ಕೆ ಬರುವುದು ಬೇಡ. ಬಂದರೂ ನಾನು ಮುಟ್ಟುವುದಿಲ್ಲ."

"ನೀವು ಹೇಳಿದ್ದು ನಾನು ಮಾಡಿದೆನಲ್ಲ? ಎಲ್ಲರ ಮುಂದೆ ಮಾಡಿದೆನಲ್ಲ?"

"ಅದು ಅವಳ ಲೆಕ್ಕ. ಇದು ನನ್ನದು. ನೀವು ಅವಳ ಹೆಸರು ಕೇಳಿದಿರಿ, 'ಯಾವ ನಿರೀಕ್ಷಾ' ಅಂತ."

ಏಪ್ರಿಲ್ ಕೊನೆಯ ಭಾನುವಾರ ಹಸಿರು ಕಾರು ಎಲ್ಲಕ್ಕಿಂತ ಮುಂದೆ ನಿಂತು ಮಲ್ಪೆಗೆ ಹೋಯಿತು. ಪೇಪರಿನಲ್ಲಿ ಫೋಟೋ ಬಂತು. ಮೇ ಕಳೆದು ಮಳೆ ಹಿಡಿಯುವಷ್ಟರಲ್ಲಿ ಕಾರ್ಬುರೇಟರುಗಳು ಒಂದರ ಜೊತೆ ಒಂದು ಏಗದಾದವು. ಯಾರ್ಯಾರೋ ಸ್ಕ್ರೂ ತಿರುಗಿಸಿ ಕೆಡಿಸಿದರು. ಕಾರು ಹೋಟೆಲಿನ ಹಿಂಬದಿಯ ಶೆಡ್ಡು ಸೇರಿತು. ಹುಡ್ಡಿಗೆ ಬೂಸ್ಟು ಹಿಡಿದಿದೆ ಎಂದು ಆನ್ಸಿಯಿಂದ ನಿರೀಕ್ಷಾಳಿಗೆ ಸುದ್ದಿ ಬಂತು. ಎರಡು ಸಲ ಚಿತ್ತರಂಜನ ಆಳು ಕಳಿಸಿದ, ನೋಣಯ್ಯ ಆಗುವುದಿಲ್ಲವೆಂದ. ಎರಡು ಸಲವೂ ಆ ದಿನ ಅವನಿಗೆ ಊಟ ರುಚಿಸಿತು.

ಸೆಪ್ಟೆಂಬರಿನಲ್ಲಿ ಕೊಚ್ಚಿಯ ಯಾರೋ ಕಾರು ಕೊಂಡರು. ಒಯ್ಯುವ ದಿನ ಮಧ್ಯಾಹ್ನ, ಕಾರು ಹೇರಿಕೊಂಡ ಲಾರಿ ಜೆಪ್ಪುವಿನ ರಸ್ತೆಯಲ್ಲೇ ಬಂದು, ಮುಂದೆ ಬಸ್ಸು ನಿಂತಿದ್ದರಿಂದ ಗ್ಯಾರೇಜಿನ ಎದುರೇ ನಿಂತಿತು. ನೋಣಯ್ಯ ಕೈಯಲ್ಲಿದ್ದ ಕೆಲಸ ಬಿಟ್ಟು ಗೇಟಿನ ಬಳಿ ಬಂದ. ಚಕ್ರದ ಕಡ್ಡಿಗಳಿಗೆ ತುಕ್ಕು ಹತ್ತಿತ್ತು. ಬಾನೆಟ್ಟಿಗೆ ಅಡ್ಡಲಾಗಿ ಹಗ್ಗ ಬಿಗಿದಿದ್ದರು, ಅಡಿಗೆ ಒಂದು ಗೋಣಿಯನ್ನೂ ಇಟ್ಟಿರಲಿಲ್ಲ. ಕೇರಳದ ಗಡಿ ತಲಪಾಡಿ ದಾಟುವುದರೊಳಗೆ ಹಗ್ಗ ಉಜ್ಜಿ ಬಣ್ಣ ತಗಡಿನವರೆಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಡ್ರೈವರನ ಕಿಟಕಿ ತೆರೆದಿತ್ತು, ಒಂದು ಕೂಗು ಹಾಕಿದರೆ ಕೇಳುವಷ್ಟು ಹತ್ತಿರ.

ಬಸ್ಸು ಮುಂದೆ ಸರಿಯಿತು. ಲಾರಿ ಗೇರು ಹಾಕಿತು. ನೋಣಯ್ಯ ಬಾಯಿ ತೆರೆಯಲಿಲ್ಲ.