ರೂಟರಿಗೊಂದು ಟ್ರಯಲ್

ನಮ್ಮ ಮನೆಯಲ್ಲಿ ಬಟ್ಟೆ ತೊಡದ ವಸ್ತುವೇ ಇಲ್ಲ. ಮಿಕ್ಸಿಗೆ ಗವಸು, ಟೀವಿಗೆ ಪರದೆ, ಫ್ರಿಜ್ಜಿನ ಹಿಡಿಗೆ ತೋಳು, ರಿಮೋಟಿಗೆ ಗುಂಡಿ ಹಾಕಿದ ಅಂಗಿ. ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳ ಮನೆ ಇನ್ನು ಹೇಗಿದ್ದೀತು? ಉಳಿದ ಚೂರು ಬಟ್ಟೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ, ಧೂಳು ಕಂಡರೆ ಅತ್ತೆಗೆ ಆಗುವುದಿಲ್ಲ. ನಾವಿಬ್ಬರೂ ಜಗಳವಿಲ್ಲದೆ ಒಪ್ಪುವ ವಿಷಯ ಇದೊಂದೇ.

ಆ ಬುಧವಾರ ನನ್ನ ಮಾನ ಹೋದದ್ದು ಕೂಡ ಇದರಿಂದಲೇ ಎಂದು ನನಗೆ ತಿಳಿದದ್ದು ಸಂಜೆಗೆ. ಅಷ್ಟರಲ್ಲಿ ಮನೆಯವರನ್ನೆಲ್ಲ ಬೈದು ಮುಗಿಸಿದ್ದೆ.

ಒಂದು ತರಬೇತಿ ಕೇಂದ್ರದವರಿಗೆ ಆನ್‌ಲೈನಿನಲ್ಲಿ ಹೊಲಿಗೆ ಕಲಿಸುವವರು ಬೇಕಿತ್ತು. ನಲವತ್ತು ವಿದ್ಯಾರ್ಥಿಗಳು, ದಿನಕ್ಕೆ ಎರಡು ಗಂಟೆ. ನನಗೆ ಆ ಕೆಲಸ ಬೇಕಿತ್ತು, ಸುತ್ತಿ ಬಳಸಿ ಹೇಳುವುದೇಕೆ? ಇಷ್ಟು ವರ್ಷ ಅಂಗಡಿಯ ಯಜಮಾನರು ಕತ್ತರಿಸಿ ಕೊಟ್ಟದ್ದನ್ನು ಹೊಲಿದಿದ್ದೇನೆ. ಅವರು ತಪ್ಪಾಗಿ ಕತ್ತರಿಸಿದ್ದನ್ನು ಸದ್ದಿಲ್ಲದೆ ಸರಿಮಾಡಿದ್ದೇನೆ, ಹೊಗಳಿಕೆ ಅವರಿಗೆ ಹೋಗುವುದನ್ನೂ ಕಣ್ಣಾರೆ ನೋಡಿದ್ದೇನೆ. ನನಗೆ ವಿದ್ಯೆ ಗೊತ್ತಿದೆ ಎಂದು ಒಬ್ಬರಾದರೂ ಬಾಯಿ ಬಿಟ್ಟು ಹೇಳಲಿ ಎಂಬ ಆಸೆ ಹೊಟ್ಟೆಯೊಳಗೆ ಸುಡುತ್ತಿತ್ತು.

ಬುಧವಾರ ಪರೀಕ್ಷೆಯ ಪಾಠ. ನೋಡಲು ಕೂತವರು ಕೇಂದ್ರದ ಮೇಲ್ವಿಚಾರಕಿ. ನಾನು ಮೇಲಿನ ಮಹಡಿಯ ಹೊಲಿಗೆ ಕೋಣೆಯಲ್ಲಿ ಕೋಟಿಗೆ ತೋಳು ಕೂರಿಸುವುದನ್ನು ತೋರಿಸುತ್ತಿದ್ದೆ. ಹೊಲಿಗೆಯಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ ಅದು. ಒಂದು ಪಿನ್ನು ಹೆಚ್ಚು ಕಡಿಮೆಯಾದರೂ ಭುಜ ಸೊಟ್ಟ. ಮೂರನೇ ಪಿನ್ನಿಗೆ ಅವರ ದನಿ ತುಂಡು ತುಂಡಾಯಿತು. ಐದನೇ ಪಿನ್ನಿಗೆ ಚಿತ್ರವೇ ನಿಂತಿತು. ಅವರಿಗೆ ಕಂಡದ್ದು ಬಾಯಿಯಲ್ಲಿ ಪಿನ್ನು ಕಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿದ ನನ್ನ ಮುಖ ಮಾತ್ರ, ಅದೂ ಹತ್ತು ನಿಮಿಷ.

ಕೊನೆಗೆ ಅವರೇ ಫೋನು ಮಾಡಿದರು. "ನಿಮ್ಮ ಕೈಕೆಲಸದ ಬಗ್ಗೆ ನನಗೇನೂ ಅನುಮಾನ ಇಲ್ಲ ಕಣ್ರೀ. ಆದ್ರೆ ಕಾಣಿಸ್ದೇ ಇದ್ರೆ ಕಲಿಯೋದು ಹೇಗೆ? ಶನಿವಾರ ಹತ್ತು ಗಂಟೆಗೆ ಇನ್ನೊಂದು ಸಲ ನೋಡ್ತೀನಿ. ಆಗ್ಲೂ ಹೀಗೇ ಆದ್ರೆ ಬೇರೆಯವರಿಗೆ ಕೊಡ್ಬೇಕಾಗುತ್ತೆ."

ಕೆಳಗಿಳಿದು ಬಂದವಳೇ, ನೆಟ್ಟನ್ನೆಲ್ಲ ನೀವೇ ಹೀರಿಬಿಟ್ಟಿರಿ ಎಂದು ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ಎಂಟು ಜನರ ಮನೆ. ಅತ್ತೆ ತಂಗಿಯ ಜೊತೆ ವಿಡಿಯೋದಲ್ಲಿ ಹರಟುತ್ತಿದ್ದರು. ಮಗಳು ಕಾಲೇಜಿನ ಪಾಠ ನೋಡುತ್ತಿದ್ದಳು. ಓರಗಿತ್ತಿಯ ಅವಳಿ ಮಕ್ಕಳಿಗೆ ಕಾರ್ಟೂನಿಲ್ಲದೆ ತುತ್ತು ಇಳಿಯದು. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಮೈದುನ ಮೀಟಿಂಗಿನಲ್ಲಿದ್ದ. ಒಬ್ಬರನ್ನೂ ಬಿಡಲಿಲ್ಲ.

ಸಂಜೆ ಬಸ್ಸು ಡಿಪೋಗೆ ಬಿಟ್ಟು ಬಂದ ನಮ್ಮವರು ನೇರ ನಡುಮನೆಯ ಮೂಲೆಗೆ ಹೋಗಿ ವೈಫೈ ರೂಟರನ್ನು ಕೈಗೆತ್ತಿಕೊಂಡರು. ಮರುಗಳಿಗೆಯೇ ಕೈ ಕೊಡವಿದರು.

"ಏನೇ ಇದು, ಇಸ್ತ್ರಿಪೆಟ್ಟಿಗೆ ಥರ ಸುಡ್ತಾ ಇದೆ! ಇದಕ್ಕೆ ಕೋಟು ಹೊಲಿದು ಹಾಕಿದ್ದು ಯಾರು?"

ಒಳಗೆ ಹತ್ತಿ, ಹೊರಗೆ ಸೂಟಿನ ಬಟ್ಟೆ, ಬೆನ್ನಿಗೆ ಮೂರು ಗುಂಡಿ. ಧೂಳು ಕೂರಬಾರದೆಂದು ಹೋದ ವರ್ಷ ನಾನೇ ಅಳತೆ ತೆಗೆದು ಹೊಲಿದದ್ದು. ಅಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದೆ ಎಂದರೆ ಗಾಳಿಯಾಡಲು ಕೂದಲೆಳೆಯಷ್ಟೂ ಸಂದಿರಲಿಲ್ಲ. ಒಂದು ವರ್ಷ ಅದನ್ನು ಬೇಯಿಸಿದ್ದೆ.

ಬೈಸಿಕೊಂಡವರೆಲ್ಲ ನನ್ನ ಮುಖ ನೋಡಿದರು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ತಪ್ಪೊಪ್ಪಿಕೊಳ್ಳುತ್ತಾ ಕೂರಲು ಶನಿವಾರ ದೂರವಿರಲಿಲ್ಲ. ಕೋಟು ಬಿಚ್ಚಿದರೂ ರೂಟರು ಸುಧಾರಿಸಲಿಲ್ಲ, ಗಂಟೆಗೊಮ್ಮೆ ಪ್ರಾಣ ಬಿಟ್ಟು ಗಂಟೆಗೊಮ್ಮೆ ಹುಟ್ಟುತ್ತಿತ್ತು. ಹೊಸದು ಬೇಕು ಎಂದಾಯಿತು.

ಹೊಸದು ಎಂಬ ಮಾತು ಕಿವಿಗೆ ಬಿದ್ದದ್ದೇ ಮೈದುನ ಎದ್ದು ಕೂತ. ಲೋಕದ ಎಲ್ಲ ವಿಷಯಕ್ಕೂ ಅವನ ಬಳಿ ತೀರ್ಪು ಸಿದ್ಧವಿರುವುದರಿಂದ ಅವನನ್ನು ಪಂಡಿತ ಎಂದೇ ಕರೆಯುತ್ತೇವೆ. ಅವನೂ ಅದನ್ನು ಬಿರುದು ಎಂದೇ ತಿಳಿದಿದ್ದಾನೆ.

"ಅತ್ತಿಗೆ, ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ? ಎಂಟು ಆಂಟೆನಾ ಇರೋ ರೂಟರ್ ಬಂದಿದೆ. ಎಂಟು ಜನ, ಎಂಟು ಆಂಟೆನಾ. ಮುಗೀತು."

"ಗುಂಡಿ ಜಾಸ್ತಿ ಇದ್ರೆ ಅಂಗಿ ಚೆನ್ನಾಗಿ ಕೂರುತ್ತೇನಪ್ಪಾ ಪಂಡಿತ? ಮೊದ್ಲು ಮನೆ ಅಳತೆ ಆಗ್ಲಿ."

"ವೈಫೈಗೆ ಅಳತೆಯಾ!" ಎಂದು ಅವನು ಹೊಟ್ಟೆ ಹಿಡಿದು ನಕ್ಕ.

ನಗಲಿ ಬಿಡಿ. ಗುರುವಾರ ಬೆಳಿಗ್ಗೆ ಅಳತೆ ಪುಸ್ತಕದಲ್ಲಿ ಹೊಸ ಪುಟ ತೆಗೆದೆ. ಎದೆ, ಸೊಂಟ, ಭುಜ ಎಂದು ಬರೆಯುವಲ್ಲಿ ನಡುಮನೆ, ಅಡುಗೆಮನೆ, ಮೆಟ್ಟಿಲ ತಿರುವು, ಹೊಲಿಗೆ ಕೋಣೆ ಎಂದು ಬರೆದುಕೊಂಡೆ. ಹಳೆಯ ರೂಟರು ಜೀವ ಹಿಡಿದಿದ್ದಾಗಲೆಲ್ಲ ಮಗಳು ಫೋನು ಹಿಡಿದು ವೇಗ ಓದುತ್ತಾ ಮುಂದೆ ನಡೆದಳು. ನಾನು ಹೊಲಿಗೆಯ ಸೀಮೆಸುಣ್ಣದಿಂದ ಗೋಡೆಗೆ ಗುರುತು ಹಾಕುತ್ತಾ ಹಿಂದೆ ನಡೆದೆ.

"ಗೋಡೆಗೆಲ್ಲ ಯಾಕಮ್ಮಾ ಗೀಚ್ತಿದ್ದೀಯ? ಸುಣ್ಣ ಹೊಡೆಸಿ ಎರಡು ತಿಂಗಳೂ ಆಗಿಲ್ಲ," ಎಂದರು ಅತ್ತೆ.

"ಒರೆಸಿದ್ರೆ ಹೋಗುತ್ತೆ ಅತ್ತೆ. ಹೋದ ಕೆಲಸ ವಾಪಸ್ ಬರಲ್ಲ."

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಸೀಮೆಸುಣ್ಣದ ಡಬ್ಬಿ ಹಿಡಿದುಕೊಂಡು ಅತ್ತೆಯೇ ನನ್ನ ಹಿಂದೆ ಮೆಟ್ಟಿಲು ಹತ್ತುತ್ತಿದ್ದಾರೆ.

ಸಂಜೆಯ ಹೊತ್ತಿಗೆ ಪುಟ ತುಂಬಿತು. ನಡುಮನೆಯಲ್ಲಿ ವೇಗ ನಲವತ್ತೆರಡು ಎಂಬಿ. ಮೆಟ್ಟಿಲ ತಿರುವಿನಲ್ಲಿ ಮೂವತ್ತೈದು. ಹೊಲಿಗೆ ಕೋಣೆಯಲ್ಲಿ ಮೂರು! ನಡುಮನೆಯಿಂದ ನೇರ ಮೇಲಕ್ಕೆ ಹೋದರೆ ದಪ್ಪ ಕಾಂಕ್ರೀಟ್ ಸೂರು, ಅದರ ಮೇಲೊಂದು ಕಬ್ಬಿಣದ ಬೀರು. ಮೆಟ್ಟಿಲ ದಾರಿಯಲ್ಲಿ ಅಡ್ಡ ಬರುವುದು ಏನೂ ಇಲ್ಲ. ತಿರುವಿನಿಂದ ನೋಡಿದರೆ ಹೊಲಿಗೆ ಕೋಣೆಯ ಬಾಗಿಲು ನೇರ ಎದುರಿಗೇ ಇದೆ. ದೋಷ ಎಲ್ಲಿದೆ ಎಂದು ನನಗೆ ಗೊತ್ತಾಯಿತು. ನಡುಮನೆಯಲ್ಲಿ ಎಷ್ಟು ದೊಡ್ಡ ಪೆಟ್ಟಿಗೆ ಇಟ್ಟರೂ ತೋಳು ಅಲ್ಲಿಯವರೆಗೆ ನಿಲುಕುವುದಿಲ್ಲ, ಅದಕ್ಕೆ ಇನ್ನೊಂದು ತುಂಡು ಸೇರಿಸಬೇಕು.

ಶುಕ್ರವಾರ ಬೆಳಿಗ್ಗೆಯೇ ಪಂಡಿತನನ್ನೂ ಎಳೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ನೋಡಲೇ ಇಲ್ಲ, ಪಂಡಿತನ ಕಡೆಗೇ ತಿರುಗಿ ಎಂಟು ಆಂಟೆನಾದ ರೂಟರನ್ನು ತೆಗೆದಿಟ್ಟ. ಬೆನ್ನ ಮೇಲೆ ಬಿದ್ದು ಕಾಲು ಮೇಲೆತ್ತಿದ ಜೇಡದ ಹಾಗಿತ್ತು. ಪಂಡಿತನ ಕಣ್ಣು ಅರಳಿತು. ನಾನು ಅಳತೆ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ.

"ನೋಡಿ, ಮನೆ ಹೀಗಿದೆ. ಇಲ್ಲಿಂದ ಇಲ್ಲಿಗೆ ನೆಟ್ ಬರ್ಬೇಕು. ಇಲ್ಲಿ ಕಾಂಕ್ರೀಟು, ಇಲ್ಲಿ ಬೀರು. ಬೆಳಿಗ್ಗೆ ಹತ್ತು ಗಂಟೆಗೆ ಐದು ಫೋನು, ಎರಡು ಲ್ಯಾಪ್‌ಟಾಪು, ಒಂದು ಟೀವಿ ಒಟ್ಟಿಗೆ ಓಡ್ತಿರುತ್ವೆ."

ಅವನು ಪುಟವನ್ನೂ ನನ್ನನ್ನೂ ನೋಡಿದ. ಆಮೇಲೆ ಜೇಡವನ್ನು ಪಕ್ಕಕ್ಕೆ ಸರಿಸಿ, ಒಳಗಿನಿಂದ ಸೋಪಿನ ಡಬ್ಬಿಯಷ್ಟು ದೊಡ್ಡ ಎರಡು ಬಿಳಿ ಪೆಟ್ಟಿಗೆ ತಂದ. "ಇದು ಜೋಡಿ, ಮೇಡಂ. ಒಂದು ಕೆಳಗೆ, ಒಂದು ಮೆಟ್ಟಿಲ ತಿರುವಲ್ಲಿ. ಅದು ಸಿಗ್ನಲ್ ಇದಕ್ಕೆ ದಾಟಿಸುತ್ತೆ, ಇದು ನಿಮ್ಮ ಕೋಣೆಗೆ."

"ಅತ್ತಿಗೆ, ಇದಕ್ಕೆ ಒಂದೂ ಆಂಟೆನಾ ಇಲ್ಲ!" ಪಂಡಿತನ ದನಿ ಅಳುವ ಹಾಗಿತ್ತು.

"ಹಾಗಾದ್ರೆ ಎರಡನ್ನೂ ಟ್ರಯಲ್ ನೋಡೋಣ. ನಮ್ಮಲ್ಲಿ ಟ್ರಯಲ್ ಇಲ್ದೆ ಯಾರಿಗೂ ಬಟ್ಟೆ ಕೊಡಲ್ಲ. ನೀವು ಕೊಡ್ತೀರಾ?"

ಅಂಗಡಿಯವನು ತಲೆ ಕೆರೆದುಕೊಂಡ. ಹಾಗೆ ಕೇಳಿದವರು ಅವನಿಗೆ ಯಾರೂ ಸಿಕ್ಕಿರಲಿಲ್ಲವಂತೆ. ಮಧ್ಯಾಹ್ನ ಎರಡನ್ನೂ ಹೊತ್ತುಕೊಂಡು ತಾನೇ ಮನೆಗೆ ಬಂದ. ಮೊದಲು ಜೇಡ. ನಡುಮನೆಯಲ್ಲಿ ಇನ್ನೂರು ತೋರಿಸಿತು, ಪಂಡಿತ ಮೀಸೆ ತಿರುವಿದ. ಹೊಲಿಗೆ ಕೋಣೆಗೆ ಬಂದರೆ ಒಂಬತ್ತು. ಆಮೇಲೆ ಜೋಡಿ. ನಡುಮನೆಯಲ್ಲಿ ನೂರ ಎಂಬತ್ತು, ಹೊಲಿಗೆ ಕೋಣೆಯಲ್ಲಿ ತೊಂಬತ್ತು.

ಮಗಳು ಇನ್ನೊಂದು ಸಲ ಓದಿದಳು. "ತೊಂಬತ್ತೆರಡು, ಅಮ್ಮ!"

ಪಂಡಿತ ತಾನಾಗಿಯೇ ಒದ್ದೆ ಬಟ್ಟೆ ತಂದು ಗೋಡೆಯ ಸೀಮೆಸುಣ್ಣ ಒರೆಸಲು ಶುರುಮಾಡಿದ. ಹೊಸ ಪೆಟ್ಟಿಗೆಗೊಂದು ಗವಸು ಬೇಡವೇ ಎಂದು ಅತ್ತೆ ಕೇಳಿದರು. ಮನೆಯವರೆಲ್ಲ ಒಂದೇ ಬಾಯಲ್ಲಿ ಬೇಡ ಎಂದು ಕೂಗಿದೆವು.

ಶನಿವಾರ ಹತ್ತಕ್ಕೆ ಐದು ನಿಮಿಷವಿತ್ತು. ನಮ್ಮವರು ಮೆಟ್ಟಿಲ ಬುಡದಲ್ಲಿ ನಿಂತು, "ಎಲ್ರೂ ಫೋನು ಆಫ್ ಮಾಡಿ! ಟೀವಿ ಆಫ್! ಒಂದು ಗಂಟೆ ಯಾರೂ ನೆಟ್ ಮುಟ್ಟಬಾರ್ದು!" ಎಂದು ಅಪ್ಪಣೆ ಹೊರಡಿಸುತ್ತಿದ್ದರು. ಒಳ್ಳೆಯ ಮನುಷ್ಯ, ಪಾಪ.

"ಬೇಡ ರೀ. ಎಲ್ಲ ಹಾಕಿ," ಎಂದೆ.

"ತಲೆ ಕೆಟ್ಟಿದ್ಯೇನೇ? ಇವತ್ತು ಕೈಕೊಟ್ರೆ?"

"ಸೋಮವಾರದಿಂದ ದಿನಾ ಎರಡು ಗಂಟೆ ಪಾಠ. ದಿನಾ ಮನೆಯವರೆಲ್ಲ ಉಸಿರು ಹಿಡ್ಕೊಂಡು ಕೂರೋಕಾಗುತ್ತಾ? ಕೈಕೊಡೋದಿದ್ರೆ ಇವತ್ತೇ ಕೊಡ್ಲಿ."

ಧೈರ್ಯದ ಮಾತೇನೋ ಆಡಿದೆ, ಆದರೆ ಮೆಟ್ಟಿಲ ತಿರುವಿನಲ್ಲಿ ನಿಂತು ಬಿಳಿ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ಎಂದು ಎರಡು ಸಲ ನೋಡಿದೆ. ಕೆಳಗೆ ಕಾರ್ಟೂನು ಕಿರುಚುತ್ತಿತ್ತು, ಅತ್ತೆ ತಂಗಿಯನ್ನು ಕೂಗುತ್ತಿದ್ದರು, ಪಂಡಿತ ಮೀಟಿಂಗಿನಲ್ಲಿ ಯಾರಿಗೋ ಬುದ್ಧಿ ಹೇಳುತ್ತಿದ್ದ.

ಪರದೆಯ ಮೇಲೆ ಮೇಲ್ವಿಚಾರಕಿ ಕಾಣಿಸಿಕೊಂಡರು. ಈ ಸಲ ನಲವತ್ತು ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡಿದ್ದರು. ಸಣ್ಣ ಸಣ್ಣ ಚೌಕದಲ್ಲಿ ಒಂದೊಂದು ಮುಖ. ನಾನು ಕೋಟನ್ನು ಎತ್ತಿ ಹಿಡಿದು, ತೋಳಿನ ಮಧ್ಯದ ಗುರುತನ್ನು ಭುಜದ ಹೊಲಿಗೆಗೆ ಸೇರಿಸಿದೆ. ಮೂರನೇ ಪಿನ್ನು, ಐದನೇ ಪಿನ್ನು. ಎಂಟನೆಯದಕ್ಕೆ ತಲೆಯೆತ್ತಿ ನೋಡಿದೆ. ಮೇಲ್ವಿಚಾರಕಿ ಗಲ್ಲಕ್ಕೆ ಕೈಕೊಟ್ಟು ಕೂತವರು ಕೂತಂತೆಯೇ ಇದ್ದರು. ರೆಪ್ಪೆಯೂ ಅಲುಗುತ್ತಿರಲಿಲ್ಲ. ಮುಗಿಯಿತು, ಮತ್ತೆ ನಿಂತುಹೋಯಿತು.

"ಮೇಡಂ... ಕೇಳಿಸ್ತಿದೆಯಾ?"

"ಶ್! ಯಾಕ್ ನಿಲ್ಲಿಸಿದ್ರಿ? ಮುಂದಕ್ಕೆ ತೋರ್ಸಿ, ನೋಡ್ತಾ ಇದ್ದೀನಿ!"

ಆಮೇಲೆ ನನಗೆ ಪರದೆಯ ನೆನಪೇ ಬರಲಿಲ್ಲ. ತೋಳಿನ ಹೆಚ್ಚಿನ ಬಟ್ಟೆಯನ್ನು ನೆರಿಗೆ ಬೀಳದಂತೆ ಬೆರಳಿನಿಂದ ಹೇಗೆ ಅಡಗಿಸಬೇಕು, ಕೈ ಎತ್ತಿದಾಗ ಕೋಟು ಮೇಲೇಳದ ಹಾಗೆ ಕಂಕುಳ ಬಳಿ ಎಷ್ಟು ಬಿಡಬೇಕು, ಯಾವ ಯಜಮಾನರೂ ನನಗೆ ಹೇಳಿಕೊಡದೆ ನಾನೇ ಕಂಡುಕೊಂಡದ್ದನ್ನೆಲ್ಲ ಹೇಳಿದೆ. ಕೋಟನ್ನು ಗೊಂಬೆಗೆ ತೊಡಿಸಿ ತಿರುಗಿಸಿದೆ. ಒಂದು ಸುಕ್ಕಿರಲಿಲ್ಲ.

"ಸೋಮವಾರದಿಂದ ಇವರೇ ನಿಮಗೆ ಪಾಠ ಮಾಡ್ತಾರೆ," ಎಂದರು ಮೇಲ್ವಿಚಾರಕಿ, ನನಗಲ್ಲ, ಆ ನಲವತ್ತು ಜನಕ್ಕೆ. ಬಾಗಿಲ ಹೊರಗೆ ಚಪ್ಪಾಳೆ ಬಿತ್ತು. ಮೀಟಿಂಗು ಬಿಟ್ಟು ಬಂದ ಪಂಡಿತನ ಚಪ್ಪಾಳೆಯೇ ಎಲ್ಲರಿಗಿಂತ ಜೋರಾಗಿತ್ತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಮೇಲ್ವಿಚಾರಕಿ ಮುಗಿಸಲು ಹೊರಟಿದ್ದರು. ಅಷ್ಟರಲ್ಲಿ ಕೊನೆಯ ಸಾಲಿನ ಚೌಕದಲ್ಲಿದ್ದ, ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಕೈಯೆತ್ತಿದಳು.

"ಟೀಚರ್, ಆ ಕಂಕುಳ ಹತ್ರದ್ದು ನನಗೆ ಹಿಡೀಲಿಲ್ಲ. ಇನ್ನೊಂದು ಸಲ ತೋರಿಸ್ತೀರಾ?"

ನನ್ನನ್ನು ಹಾಗೆ ಯಾರೂ ಎಂದೂ ಕರೆದಿರಲಿಲ್ಲ. ಗೊಂಬೆಯಿಂದ ಕೋಟು ಇಳಿಸಿ, ಕೂರಿಸಿದ್ದ ತೋಳನ್ನು ಪೂರ್ತಿ ಬಿಚ್ಚಿ, ಮೊದಲ ಪಿನ್ನಿನಿಂದ ಮತ್ತೆ ಶುರುಮಾಡಿದೆ.