ಚೀಟಿಯಲ್ಲಿ ಬಾರದ ಮನೆ

ಹೆಣ ಹೊರುವ ವಿಮಾನಕ್ಕೆ ಚೆಂಡುಹೂ ಕಟ್ಟುತ್ತಿದ್ದ ನೆರೆಯ ಸುಭಾಷ್ ಮತ್ತೆ ಕೈ ನಿಲ್ಲಿಸಿ ಓಣಿಯ ತುದಿ ನೋಡಿದ. "ಲಗಮಪ್ಪಣ್ಣಾರು ಇನ್ನೂ ಬರಲಿಲ್ಲಲ್ರಿ?"

"ಅಣ್ಣ ಕೈ ಹಚ್ಚಲಾರದ ಹೆಂಗ ಎತ್ತೂದು?" ಎಂದಳು ನೆರೆಮನೆಯ ತಂಗೆವ್ವ. "ಮಣ್ಣಿಗಿ ಒಯ್ಯೂ ದಿನಾನೂ ಸಿಟ್ಟೇನ?"

ಗಂಡನ ಪಕ್ಕ ಕೂತಿದ್ದ ಮಂಗಲಾಳಿಗೆ ಅಳು ಒತ್ತಟ್ಟಿಗಿರಲಿ, ಮೈಯೆಲ್ಲ ಉರಿಯುತ್ತಿತ್ತು. ನಿನ್ನೆ ಸಂಜೆ ಸಾಲೆಯಿಂದ ಬಂದು, ಎದೆನೋವೆಂದು ಮಲಗಿದ ಧರ್ಮರಾಜ ಮಾಸ್ತರ ಹಾಗೇ ಹೋಗಿಬಿಟ್ಟಿದ್ದ. ಬನಹಟ್ಟಿಯ ಆ ಓಣಿಯಲ್ಲಿ ಬೆಳಿಗ್ಗೆಯಿಂದ ಮಗ್ಗಗಳೆಲ್ಲ ನಿಂತಿದ್ದವು. ಹಣೆತುಂಬ ವಿಭೂತಿ ಬಳಿಸಿಕೊಂಡು ಕುರ್ಚಿಯಲ್ಲಿ ಸೆಟೆದು ಕೂತವನನ್ನು ನೋಡಿದರೆ, ಸತ್ತ ಮೇಲೂ ಮೊಂಡುತನ ಬಿಟ್ಟಿಲ್ಲ ಅನ್ನಿಸಿತು ಅವಳಿಗೆ. ಎಲ್ಲಕ್ಕೂ ಆ ಹಾಳು ಸ್ಟ್ಯಾಟಿಸ್ಟಿಕ್ಸೇ ಕಾರಣ!

*

ಸಾಲೆಯಲ್ಲಿ ಗಣಿತ ಹೇಳುವವನಿಗೆ ನಡುವಯಸ್ಸಿನಲ್ಲಿ ಅನ್ವಯಿಕ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಹುಕಿ ಬಂದಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ನೇಕಾರರ ಕಿವಿ. ಮಗ್ಗದ ಸದ್ದಿಗೆ ಯಾರ್ಯಾರಿಗೆ ಕೇಳಿಸುವುದು ಕಡಿಮೆಯಾಗಿದೆ ಎಂದು ನೋಡಬೇಕಿತ್ತು. ಊರ ಮಗ್ಗದ ಮನೆಗಳ ಹೆಸರೆಲ್ಲ ಚೀಟಿಗಳಲ್ಲಿ ಬರೆದು, ಕೊಡದೊಳಗೆ ಹಾಕಿ, ಕಣ್ಣು ಮುಚ್ಚಿ ಎತ್ತಿದ. ಚೀಟಿ ಬಂದ ಮನೆಗಷ್ಟೇ ಹೋಗುವುದು, ತನಗೆ ಬೇಕಾದವರನ್ನು ಆರಿಸುವಂತಿಲ್ಲ. ಅಣ್ಣ ಲಗಮಪ್ಪನ ಎಡಮನೆ ಬಂತು, ಬಲಮನೆ ಬಂತು, ಅಣ್ಣನದು ಬರಲಿಲ್ಲ.

ಲಗಮಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಸಿ, ಚಹಾ ಕಾಸಿಸಿಕೊಂಡು ಕಾದ. ತಮ್ಮ ಮುಂದಿನಿಂದಲೇ ಹಾದುಹೋದ.

"ಹಗಲೂ ರಾತ್ರಿ ಮಗ್ಗ ನಡಸಿ ಇವನ್ನ ಓದಿಸಿದಾಂವ ನಾ. ನನ್ನ ಕಿವಿ ಕಿವಿ ಅಲ್ಲೇನು?" ಅಂದವನು ಅಂದಿನಿಂದ ಮಾತು ಬಿಟ್ಟ.

"ಹೋಗಿ ಸುಮ್ನ ಕೇಳಿ ಬರ್ರಿ, ಆಮ್ಯಾಲ ಹರದ ಒಗೀರಿ," ಎಂದು ಮಂಗಲಾ ಬಡಕೊಂಡಳು.

"ಸೇರಿಸಿದ್ರ ಲೆಕ್ಕ ಸುಳ್ಳ ಆಕ್ಕೈತಿ. ಸೇರಿಸಲಾರದ ಕೇಳಿದ್ರ ಅಣ್ಣಗ ಸುಳ್ಳ ಹೇಳಿಧಂಗ ಆಕ್ಕೈತಿ."

"ನಿಮ್ಮ ಖರೇತನಕ್ಕಿಷ್ಟು ಬೆಂಕಿ ಹತ್ತಲಿ!"

*

ಈಗ ಅವಳು ಸೆರಗು ಬಿಗಿದು ಎದ್ದಳು. "ಹೆಣದ ಮುಂದಿಂದ ಏಳಬಾರದ ಬೇ!" ಎಂದು ತಂಗೆವ್ವ ಕೂಗಿದರೂ ನಿಲ್ಲದೆ ಭಾವನ ಮನೆಗೆ ನಡೆದಳು.

ಮಗ್ಗದ ಕೋಣೆಯಲ್ಲಿ ಲಗಮಪ್ಪ ಒಬ್ಬನೇ ಕೂತಿದ್ದ. ಅತ್ತು ಅತ್ತು ಮುಖ ಬಾತಿತ್ತು. ಬೈಯಲೆಂದು ಬಂದವಳು ಅವನೆದುರು ನೆಲಕ್ಕೆ ಕೂತುಬಿಟ್ಟಳು. ಗಂಡನ ಪ್ರಾಜೆಕ್ಟಿನ ಪ್ರಶ್ನೆಗಳು ಮನೆಯಲ್ಲಿ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿದ್ದವು.

"ಭಾವಾರ, ಯಾವಾಗಿಂದ ಮಗ್ಗ ನಡಸಾಕತ್ತೀರಿ?"

ಅವನು ಅವಳನ್ನೇ ದಿಟ್ಟಿಸಿದ. "ಸಣ್ಣಾಂವ ಇದ್ದಾಗಿಂದ."

"ಕಿವ್ಯಾಗ ಗುಂಯ್ ಅಂತೈತೇನ್ರಿ?"

"ಏನ?"

ಅವಳು ಗಟ್ಟಿಯಾಗಿ ಕೇಳಿದಳು.

"ಈ ಕಡಿ ಬಾ ಯವ್ವಾ," ಎಂದು ಅವನು ಮುಖ ತಿರುಗಿಸಿದ. "ಎಡಗಿವಿ ಪೂರಾ ಹೋಗೇತಿ. ಯಾರಿಗೂ ಹೇಳಿಲ್ಲ. ಅಂವ ಬಂದ ಕೇಳಿದ್ರ ಹೇಳಬೇಕಂತ ಇಟ್ಕೊಂಡಿದ್ನಿ."

"ಅಳೂದ ಆಮ್ಯಾಲ. ಮದಲ ಏಳ್ರಿ," ಎಂದು ಮಂಗಲಾ ಗದರಿದಳು. ಆದರೆ ಅವಳಿಗೇ ಅಳು ತಡೆಯಲಾಗಲಿಲ್ಲ.

ಇಬ್ಬರೂ ಬಂದದ್ದು ಕಂಡು ಹಲಗೆಯ ಬಡಿತ ಶುರುವಾಯಿತು. ಜನ ದಾರಿ ಬಿಟ್ಟರು. ಲಗಮಪ್ಪ ವಿಮಾನಕ್ಕೆ ಕೈ ಹಚ್ಚಲಿಲ್ಲ. ಹಲಗೆಯವರಿಗೆ ಕೈಮಾಡಿ ಬಾರಿಸುವುದನ್ನು ನಿಲ್ಲಿಸಿದ. ರುಮಾಲು ತೆಗೆದು ಬಗ್ಗಿ, ತಮ್ಮನ ಬಾಯಿಯ ಹತ್ತಿರ ಬಲಗಿವಿ ಹಿಡಿದು ನಿಂತ.